ಹಿಮದ ಮೇಲೆ ಚೆಲ್ಲಿದ ಚರಗ

ಡಿಸೆಂಬರ್ ಬಂತೆಂದರೆ ಬೀದರ್ ಜಿಲ್ಲೆಯ ನಮ್ಮ ಕಡೆ ಚಳಿಗೂ ಹಬ್ಬಕ್ಕೂ ಪೈಪೋಟಿ. ಹುಮನಾಬಾದಿನ ಮಾಣಿಕನಗರದಲ್ಲಿ ದತ್ತ ಜಯಂತಿಯ ಜಾತ್ರೆ ಕೂಡುತ್ತದೆ. ಅದು ಮುಗಿಯುವಷ್ಟರಲ್ಲಿ ಕ್ರೈಸ್ತ ಬಾಂಧವರ ಓಣಿಗಳಲ್ಲಿ ನಕ್ಷತ್ರದ ದೀಪಗಳು ತೂಗುತ್ತವೆ. ಬೀದರ್ ಜಿಲ್ಲೆಯಲ್ಲಿ ಮೆಥೋಡಿಸ್ಟ್ ಪಂಥದ ಕ್ರೈಸ್ತರು ಊರೂರಿಗೂ ಇರುವುದರಿಂದ ಕ್ರಿಸ್‌ಮಸ್ ನಮಗೆ ಪರಸ್ಥಳದ ಹಬ್ಬವಲ್ಲ. ಅದರ ಬೆನ್ನಿಗೇ ಎಳ್ಳಮಾವಾಸ್ಯೆ. ಅಂದು ಊರಿಗೆ ಊರೇ ಹೊಲಕ್ಕೆ ನಡೆಯುತ್ತದೆ. ಸಜ್ಜಿ ರೊಟ್ಟಿ, ಕಡಬು, ಹಸಿ ತೊಗರಿ-ಕಡಲೆ-ಸೊಪ್ಪು ಎಲ್ಲ ಕೂಡಿಸಿ ಮಾಡಿದ ಭಜ್ಜಿ, ಗಡಿಗೆಯಲ್ಲಿ ಅಂಬಲಿ. ಜೋಳದ ದಂಟಿನ ಕೊಂಪೆಯಲ್ಲಿ ಪಾಂಡವರೆಂದು ಐದು ಕಲ್ಲಿಟ್ಟು ಪೂಜೆ ಮಾಡಿ, ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ತುಂಬು ಬಸುರಿಯಾದ ಭೂಮಿತಾಯಿಗೆ ಬಯಕೆಯ ಊಟ ಬಡಿಸುವುದೆಂದು ಇದರ ಅರ್ಥ.

ಇಂಥ ತಿಂಗಳಲ್ಲಿ ಮನೆಮಂದಿಯೆಲ್ಲ ಊರು ಬಿಟ್ಟು ಹಿಮ ನೋಡಲು ಹೋಗುವುದೆಂದರೆ ಸುಲಭದ ಮಾತಲ್ಲ. ಆದರೆ ಮಿಷನ್ ಶಾಲೆಗಳಲ್ಲಿ ಓದುವ ಮಕ್ಕಳಿಗೆ ಕ್ರಿಸ್‌ಮಸ್‌ಗೆ ವಾರ, ಹತ್ತು ದಿನ ಸೂಟಿ ಸಿಗುತ್ತದೆ. ನನ್ನ ಮಗ ಹುಮನಾಬಾದಿನಲ್ಲಿ ಅಂಥ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದ. 2024ರ ಗಣೇಶನ ಹಬ್ಬದಿಂದಲೇ ಅವನದು ಒಂದೇ ಹಟ: ಹತ್ತನೆಯ ತರಗತಿಗೆ ಹೋದರೆ ಎಲ್ಲಿಗೂ ಕಳಿಸುವುದಿಲ್ಲ, ಈ ಸಲ ಗುಲ್‌ಮಾರ್ಗಕ್ಕೆ ಹೋಗಲೇಬೇಕು. ಸಿನಿಮಾದಲ್ಲಿ ನೋಡಿದ ಹಿಮ, ಜಾರುಬಂಡಿ, ತೂಗುತೊಟ್ಟಿಲ ಬಂಡಿ, ಅಷ್ಟೇ ಅವನ ಕಾಶ್ಮೀರ. ಮನೆಯಾಕೆ ಖರ್ಚಿನ ಲೆಕ್ಕ ಹಾಕಿ, "ಒಂದು ಎಕರೆ ತೊಗರಿ ಹೋಯ್ತು ಅಂತ ತಿಳೀರಿ" ಎಂದಳು.

ಆಶ್ಚರ್ಯವೆಂದರೆ ಒಪ್ಪಿಗೆ ಕೊಟ್ಟವಳು ಅರವತ್ತೆಂಟರ ನನ್ನ ಅವ್ವ. "ಮಾರಯ್ಯ ಬಂದ ನಾಡಲ್ಲೇನು ಅದು? ನಾನೂ ಬರ್ತೀನಿ. ಆದ್ರ ಎಳ್ಳಮಾಸಿಗಿ ಮನ್ಯಾಗ ಇರ್ಬೇಕು ನೋಡು" ಎಂದಳು. ಆ ವರ್ಷ ಎಳ್ಳಮಾವಾಸ್ಯೆ ಡಿಸೆಂಬರ್ 30ಕ್ಕೆ ಬಂದಿತ್ತು. ರಾಜೇಶ್ವರದ ಹತ್ತಿರದ ನಮ್ಮ ಹೊಲದಲ್ಲಿ ಚರಗ ಚೆಲ್ಲುವುದನ್ನು ಅವ್ವ ಮದುವೆಯಾಗಿ ಬಂದಂದಿನಿಂದ ಒಂದು ವರ್ಷವೂ ತಪ್ಪಿಸಿರಲಿಲ್ಲ. 29ಕ್ಕೆ ವಾಪಸು ಎಂದು ಮಾತು ಕೊಟ್ಟು ಟಿಕೆಟು ತೆಗೆಸಿದೆ.

ಕಾಶ್ಮೀರದಿಂದ ಕಲ್ಯಾಣಕ್ಕೆ

ಅವ್ವ ಹೇಳಿದ ಮಾರಯ್ಯನೆಂದರೆ ಮೋಳಿಗೆಯ ಮಾರಯ್ಯ. ಅವನು ಕಾಶ್ಮೀರದ ಅರಸನಾಗಿದ್ದನೆಂದೂ, ಬಸವಣ್ಣನವರ ಕೀರ್ತಿ ಕೇಳಿ ರಾಜ್ಯ ಬಿಟ್ಟು ಮಡದಿಯೊಡನೆ ಕಲ್ಯಾಣಕ್ಕೆ ಬಂದನೆಂದೂ, ಇಲ್ಲಿ ಕಾಡಿನಿಂದ ಸೌದೆಯ ಹೊರೆ ತಂದು ಮಾರುವ ಕಾಯಕ ಹಿಡಿದನೆಂದೂ ಐತಿಹ್ಯ. ಅವನ 800ಕ್ಕೂ ಹೆಚ್ಚು ವಚನಗಳು ನಮಗೆ ದೊರೆತಿವೆ. ಮಡದಿ ಮಹಾದೇವಿಯೂ ವಚನಕಾರ್ತಿ. ಶರಣೆ ಬೊಂತಾದೇವಿಯನ್ನೂ ಕಾಶ್ಮೀರದ ಅರಸುಮನೆಯವಳೆಂದೇ ಹೇಳುತ್ತಾರೆ. ಹುಮನಾಬಾದ್ ಬಳಿಯ ಮೊಳಕೇರಾದಲ್ಲಿ ಮಾರಯ್ಯನದೆನ್ನುವ ಗವಿ ಇದೆ. ಅವನು ನಿಜಕ್ಕೂ ಅರಸನಾಗಿದ್ದನೇ ಎಂಬ ಚರ್ಚೆ ವಿದ್ವಾಂಸರಿಗಿರಲಿ. ಹಿಮದ ನಾಡಿನಿಂದ ಒಬ್ಬ ಬಂದು ನಮ್ಮ ಬಿಸಿಲಿನಲ್ಲಿ ಸೌದೆ ಹೊತ್ತ ಎಂಬ ನೆನಪನ್ನು ನಮ್ಮ ಜನ ಎಂಟುನೂರು ವರ್ಷ ಕಾಪಾಡಿಕೊಂಡು ಬಂದಿದ್ದಾರೆ.

ಐತಿಹ್ಯ ಬೇಡ, ಚರಿತ್ರೆಯೇ ಬೇಕು ಎನ್ನುವವರಿಗೆ ಬಿಲ್ಹಣನಿದ್ದಾನೆ. ಅವನು ಮಾರಯ್ಯನಿಗಿಂತಲೂ ಹಿಂದಿನವನು. ಶ್ರೀನಗರದ ಹತ್ತಿರದ ಖೋನಮುಖ ಎಂಬ ಹಳ್ಳಿಯಲ್ಲಿ ಹುಟ್ಟಿ, ಮಥುರಾ, ಕನೌಜು, ಕಾಶಿ, ಗುಜರಾತುಗಳನ್ನು ಸುತ್ತಿ, ಕೊನೆಗೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಸ್ಥಾನ ಸೇರಿದ. ವಿಕ್ರಮಾದಿತ್ಯ ಆಳಿದ್ದು 1076ರಿಂದ 1126ರವರೆಗೆ. ಅರಸ ಅವನಿಗೆ ವಿದ್ಯಾಪತಿ ಎಂಬ ಪದವಿ ಕೊಟ್ಟ. ಕವಿ 'ವಿಕ್ರಮಾಂಕದೇವಚರಿತ' ಎಂಬ 18 ಸರ್ಗಗಳ ಸಂಸ್ಕೃತ ಕಾವ್ಯ ಬರೆದ. ಅರಸನ ಚರಿತ್ರೆ ಹೇಳುತ್ತ ಬಂದವನು ಕೊನೆಯ ಸರ್ಗದಲ್ಲಿ ತನ್ನ ಹುಟ್ಟೂರನ್ನೂ ಕಾಶ್ಮೀರದ ನದಿ, ಮನೆ, ಕೇಸರಿಯನ್ನೂ ನೆನೆಯುತ್ತಾನೆ. ಈ ಕಾವ್ಯದ ಹಸ್ತಪ್ರತಿಯನ್ನು ಜರ್ಮನ್ ವಿದ್ವಾಂಸ ಬ್ಯೂಲರ್ ಜೈಸಲ್ಮೇರಿನ ಜೈನ ಭಂಡಾರದಲ್ಲಿ ಪತ್ತೆಮಾಡಿ 1875ರಲ್ಲಿ ಅಚ್ಚು ಹಾಕಿಸಿದರು.

ಕಾಶ್ಮೀರದವರೂ ನಮ್ಮನ್ನು ಮರೆತಿರಲಿಲ್ಲ. ಕಲ್ಹಣನ 'ರಾಜತರಂಗಿಣಿ'ಯಲ್ಲಿ ಒಂದು ಸ್ವಾರಸ್ಯವಾದ ಸಂಗತಿಯಿದೆ. ಕಾಶ್ಮೀರದ ದೊರೆ ಹರ್ಷನಿಗೆ ಕರ್ಣಾಟದ ವೇಷಭೂಷಣಗಳ ಮೇಲೆ ಮೋಹ. ನಾಣ್ಯವನ್ನೂ ಕರ್ಣಾಟದ ಮಾದರಿಯಲ್ಲೇ ಟಂಕಿಸಿದ. ವಿಕ್ರಮಾದಿತ್ಯನ ರಾಣಿ ಚಂದಲಾದೇವಿಯ ಚಿತ್ರಪಟ ನೋಡಿ, ಕಲ್ಯಾಣವನ್ನು ಗೆದ್ದು ಅವಳನ್ನು ತರುತ್ತೇನೆಂದು ಸಭೆಯಲ್ಲಿ ಪ್ರತಿಜ್ಞೆಯನ್ನೂ ಮಾಡಿದನಂತೆ! ಕಲ್ಹಣ ಇದನ್ನು ನಗುತ್ತಲೇ ಬರೆದಿದ್ದಾನೆ. ರೈಲಿನಲ್ಲಿ ಮಗನಿಗೆ ಈ ಕಥೆ ಹೇಳಿದೆ. ಪರೀಕ್ಷೆಗೆ ಬರುವುದಿಲ್ಲವೆಂದು ಗೊತ್ತಾದ ಮೇಲೆ ಅವನು ಕಿವಿಗೊಟ್ಟು ಕೇಳಿದ.

ಬಿಳಿಯ ಬಯಲು

ಡಿಸೆಂಬರ್ 21ರಂದು ಕಲಬುರಗಿಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದಿಲ್ಲಿ, ಅಲ್ಲಿಂದ ರಾತ್ರಿ ರೈಲಿಗೆ ಜಮ್ಮು, ಜಮ್ಮುವಿನಿಂದ ಮೋಟಾರಿನಲ್ಲಿ ಬನಿಹಾಲ್, ಮತ್ತೆ ರೈಲು. ಆಗಿನ್ನೂ ಜಮ್ಮುವಿನ ಕಡೆಯಿಂದ ಶ್ರೀನಗರಕ್ಕೆ ನೇರ ರೈಲು ಓಡುತ್ತಿರಲಿಲ್ಲ. ಚೆನಾಬ್ ನದಿಯ ಮೇಲಿನ 359 ಮೀಟರ್ ಎತ್ತರದ ಸೇತುವೆಯ ಮೂಲಕ ಕಟ್ರಾದಿಂದ ರೈಲು ಓಡತೊಡಗಿದ್ದು 2025ರ ಜೂನ್‌ನಲ್ಲಿ. ಬನಿಹಾಲ್ ದಾಟಿದೊಡನೆ ಪೀರ್ ಪಂಜಾಲ್ ಬೆಟ್ಟದ ಹೊಟ್ಟೆಯಲ್ಲಿ 11 ಕಿಲೊಮೀಟರಿಗೂ ಉದ್ದದ ಸುರಂಗ. ಕತ್ತಲೆ ಕಳೆದು ಆಚೆ ಬಂದಾಗ ಕಾಶ್ಮೀರ ಕಣಿವೆ.

ನಮ್ಮ ಬೀದರಿನ ಚಳಿಗೆ ಹೆಸರಿದೆ. ಸಮುದ್ರದಿಂದ ದೂರ, ಎತ್ತರದ ಬಯಲು, ಬಡಗಣ ಒಣಗಾಳಿ, ಮೋಡವಿಲ್ಲದ ರಾತ್ರಿ. ಹಗಲು ನೆಲ ಕುಡಿದ ಬಿಸಿಯೆಲ್ಲ ರಾತ್ರಿ ಆಕಾಶಕ್ಕೆ ಹಾರಿಹೋಗುತ್ತದೆ. ಪಾದರಸ 10 ಡಿಗ್ರಿಯ ಆಸುಪಾಸಿಗೆ, ಕೆಲವು ವರ್ಷ ಅದಕ್ಕೂ ಕೆಳಗೆ ಇಳಿಯುತ್ತದೆ. "ನಮಗ ಚಳಿ ಹೊಸದಲ್ಲ" ಎಂದು ಅವ್ವ ಎರಡು ಕೌದಿ ಕಟ್ಟಿಕೊಂಡು ಹೊರಟಿದ್ದಳು. ನಾವು ಊರು ಬಿಟ್ಟ ದಿನವೇ ಶ್ರೀನಗರದಲ್ಲಿ ಬೆಳಗಿನ ಜಾವದ ಉಷ್ಣಾಂಶ ಸೊನ್ನೆಗಿಂತ 8.5 ಡಿಗ್ರಿ ಕೆಳಗಿತ್ತು. ಐವತ್ತು ವರ್ಷಗಳಲ್ಲೇ ಅಷ್ಟು ತಣ್ಣನೆಯ ಡಿಸೆಂಬರ್ ರಾತ್ರಿ ಅಲ್ಲಿ ಆಗಿರಲಿಲ್ಲ. ದಾಲ್ ಸರೋವರದ ಅಂಚಿನಲ್ಲಿ ನೀರು ಗಾಜಿನಂತೆ ಹೆಪ್ಪುಗಟ್ಟಿತ್ತು. ಕಾಶ್ಮೀರಿಗಳು ಚಳಿಗಾಲಕ್ಕೆ ಲೆಕ್ಕ ಇಟ್ಟಿದ್ದಾರೆ: ಡಿಸೆಂಬರ್ 21ರಿಂದ 40 ದಿನ 'ಚಿಲ್ಲೈ ಕಲಾನ್', ಅಂದರೆ ದೊಡ್ಡ ಚಳಿ, ಆಮೇಲೆ 20 ದಿನ ಸಣ್ಣ ಚಳಿ, ಕೊನೆಗೆ 10 ದಿನ ಮರಿ ಚಳಿ. ನಮ್ಮ ರೈತರು ಮಳೆಯ ನಕ್ಷತ್ರ ಎಣಿಸುವ ಹಾಗೆಯೇ ಇದು. ಮೊದಲ ರಾತ್ರಿಯೇ ಅವ್ವನ ಕೌದಿಗಳು ಸೋಲೊಪ್ಪಿಕೊಂಡವು. ವಸತಿಗೃಹದವರು ಬೆತ್ತದ ಬುಟ್ಟಿಯೊಳಗೆ ಮಣ್ಣಿನ ಕುಡಿಕೆ, ಅದರಲ್ಲಿ ಕೆಂಡ ತುಂಬಿದ ಕಾಂಗಡಿ ತಂದುಕೊಟ್ಟರು.

24ರಂದು ಗುಲ್‌ಮಾರ್ಗಕ್ಕೆ ಹೋದೆವು. ಶ್ರೀನಗರದಿಂದ ಸುಮಾರು 50 ಕಿಲೊಮೀಟರ್. ತಂಗ್‌ಮಾರ್ಗದಲ್ಲಿ ಬಾಡಿಗೆಯ ಗಂಬೂಟು, ಮೇಲಂಗಿ ಹಾಕಿಕೊಂಡು ಮೇಲೇರಬೇಕು. ಗುಲ್‌ಮಾರ್ಗ ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಬಸವಕಲ್ಯಾಣದ ನಾಲ್ಕು ಪಟ್ಟಿಗಿಂತಲೂ ಹೆಚ್ಚು. ಇಳಿಜಾರುಗಳಲ್ಲಿ ಹಿಮ ಹಾಸಿತ್ತು. ಅವ್ವ ಕೈಯಲ್ಲಿ ಹಿಡಿದು ನೋಡಿ, "ಪಿಂಜಾರ ಹತ್ತಿ ಹಿಂಜಿ ಒಗದಂಗ ಅದಾ" ಎಂದಳು. ಅದಕ್ಕಿಂತ ಒಳ್ಳೆಯ ವರ್ಣನೆಯನ್ನು ನಾನು ಓದಿಲ್ಲ.

ಅಲ್ಲಿ ಮರದ ಹಲಗೆಯ ಬಂಡಿಗಳಿವೆ. ಪ್ರವಾಸಿ ಕುಳಿತರೆ ಮನುಷ್ಯನೊಬ್ಬ ಹಗ್ಗ ಹಿಡಿದು ಹಿಮದ ಮೇಲೆ ಎಳೆಯುತ್ತಾನೆ. ಮಗ ಹಾರಿ ಕುಳಿತ. ಎಳೆಯುವವನಿಗೆ ಐವತ್ತು ದಾಟಿತ್ತು. ಅವ್ವನಿಗೂ ಒಂದು ಬಂಡಿ ಬಂತು. ಅವಳು ಸುತರಾಂ ಕೂಡಲಿಲ್ಲ. "ಮನಶ್ಯಾನ ಕಡಿಂದ ಎಳಿಸ್ಕೊಂಡು ನಾ ಯಾನ್ ನೋಡ್ಲಿ?" ಎಂದಳು. ಆ ಮನುಷ್ಯನಿಗೆ ಕೆಲಸ ಬೇಕಿತ್ತು; ವರ್ಷದಲ್ಲಿ ಈ ಮೂರು ತಿಂಗಳೇ ನಮ್ಮ ಸಂಪಾದನೆ ಎಂದ. ಕೊನೆಗೆ ಒಂದು ಒಪ್ಪಂದವಾಯಿತು: ಅವನು ಅವ್ವನ ಕೈಹಿಡಿದು ಹಿಮದ ಮೇಲೆ ನಡೆಸಿಕೊಂಡು ಹೋಗುವುದು, ನಾವು ಬಂಡಿಯ ಹಣವನ್ನೇ ಕೊಡುವುದು. ಸೌದೆ ಹೊತ್ತ ಮಾರಯ್ಯನ ಊರಿನವರಿಗೆ ಇದು ಸರಿಯಾದ ವ್ಯವಹಾರವೆಂದೇ ನನಗೆ ತೋರಿತು. ಮಗ ಇಳಿಜಾರಿನ ಕೆಳಗೆ ಬಂದಾಗ ತಾನೇ ಬಂಡಿಯಿಂದ ಇಳಿದು, ಮೇಲಕ್ಕೆ ಹಗ್ಗ ಹಿಡಿದು ಅವನ ಜೊತೆ ಎಳೆಯತೊಡಗಿದ. ಯಾರೂ ಅವನಿಗೆ ಹೇಳಿರಲಿಲ್ಲ.

ಕ್ರಿಸ್‌ಮಸ್ ದಿನ ಅಲ್ಲಿನ ಸೇಂಟ್ ಮೇರಿ ಚರ್ಚಿಗೆ ಹೋದೆವು. ಬ್ರಿಟಿಷರ ಕಾಲದ ಕಲ್ಲಿನ ಪುಟ್ಟ ಕಟ್ಟಡ, ಸುತ್ತ ದೇವದಾರು ಮರಗಳು. ಬಹುಕಾಲ ಮುಚ್ಚಿದ್ದು, ದುರಸ್ತಿಯಾಗಿ 2003ರ ಕ್ರಿಸ್‌ಮಸ್‌ಗೆ ಮತ್ತೆ ಬಾಗಿಲು ತೆರೆದ ಚರ್ಚು ಅದು. ಹುಮನಾಬಾದಿನಲ್ಲಿ ಮನೆಯಾಕೆಯ ಜೊತೆ ಕೆಲಸ ಮಾಡುವ ಕ್ರೈಸ್ತ ಗೆಳತಿಯೊಬ್ಬರು ಹೊರಡುವಾಗ ಒಂದು ಮೇಣದ ಬತ್ತಿ ಕೊಟ್ಟಿದ್ದರು. ಅದನ್ನು ಅಲ್ಲಿ ಹಚ್ಚಿದೆವು. ಪ್ರಾರ್ಥನೆಯಲ್ಲಿ ಪಂಜಾಬಿನವರು, ಕೇರಳದವರು, ಬೆಂಗಳೂರಿನವರು. ಹೊರಗೆ ಚಹಾ ಹಂಚುತ್ತಿದ್ದವರು ಸ್ಥಳೀಯ ಮುಸಲ್ಮಾನರು. ಮಗನ ಪಟ್ಟಿಯಲ್ಲಿದ್ದ ತೂಗುಬಂಡಿಯೂ ಆಯಿತು. 1998ರಲ್ಲಿ ಶುರುವಾದ ಮೊದಲ ಹಂತದವರೆಗೆ ಮಾತ್ರ ಹೋದೆವು. ಅಫರ್‌ವತ್ ಶಿಖರದ ಕಡೆಯ ಎರಡನೆಯ ಹಂತಕ್ಕೆ ಅವ್ವನ ಉಸಿರು ಒಪ್ಪುವಂತಿರಲಿಲ್ಲ.

26ರಂದು ಎಲ್ಲರೂ ಅಂಗಡಿ ಸುತ್ತುವ ಹೊತ್ತಿನಲ್ಲಿ ನಾನೂ ಮಗನೂ ಖೋನಮುಖಕ್ಕೆ ಹೋಗಿಬಂದೆವು. ಈಗ ಅದರ ಹೆಸರು ಖೊನ್‌ಮೋಹ್. ಕೈಗಾರಿಕೆಗಳು ಬಂದಿವೆ. ಹತ್ತಿರದ ಗುರ್ಯುಲ್ ಕಮರಿಯ ಬಂಡೆಗಳಲ್ಲಿ ಸುಮಾರು 25 ಕೋಟಿ ವರ್ಷಗಳ ಹಿಂದೆ ಭೂಮಿಯ ಜೀವರಾಶಿ ಅಳಿದ ಕಾಲದ ಗುರುತುಗಳಿವೆಯೆಂದು ಭೂವಿಜ್ಞಾನಿಗಳು ಹುಡುಕಿಕೊಂಡು ಬರುತ್ತಾರೆ. ಪಕ್ಕದ ಪಾಂಪೋರಿನ ಕೇಸರಿ ಹೊಲಗಳು ಹೂವಿನ ಕಾಲ ಮುಗಿಸಿ ಬರಿದಾಗಿದ್ದವು. ಬಿಲ್ಹಣನ ಗುರುತೇನೂ ಅಲ್ಲಿಲ್ಲ. ಆದರೂ, "ಇಲ್ಲಿಂದ ನಮ್ಮೂರ ತನಕ ನಡದುಕೊಂಡು ಬಂದಿದ್ನೇನಪ್ಪ?" ಎಂದು ಮಗ ಎರಡು ಸಲ ಕೇಳಿದ.

ಮೂರು ರಾತ್ರಿ

27ರಂದು ಶುಕ್ರವಾರ ಬಾಡಿಗೆ ಮೋಟಾರಿನಲ್ಲಿ ಜಮ್ಮುವಿಗೆ ಹೊರಟೆವು. ದಾರಿಯಲ್ಲಿ ಸಂಗಮ್ ಎಂಬಲ್ಲಿ ರಸ್ತೆಯ ಎರಡೂ ಬದಿಗೆ ವಿಲ್ಲೋ ಮರದ ತುಂಡುಗಳನ್ನು ಗೋಪುರದಂತೆ ಒಟ್ಟಿ ಒಣಗಿಸಿದ್ದರು. ಕ್ರಿಕೆಟ್ ಬ್ಯಾಟು ಮಾಡುವ ಊರು ಅದು. ಮಗನಿಗೊಂದು ಬ್ಯಾಟು ಕೊಂಡು ಮುಂದೆ ಹೋಗುವಷ್ಟರಲ್ಲಿ ಹಿಮ ಶುರುವಾಯಿತು. ಮೊದಲು ಜೋಳದ ಹೊಟ್ಟು ತೂರಿದಂತೆ. ಆಮೇಲೆ ಎದುರಿನ ವಾಹನವೇ ಕಾಣದಂತೆ. ಖಾಜಿಗುಂಡ್ ಸಮೀಪಿಸುವಾಗ ಸಾಲುಸಾಲು ವಾಹನಗಳು ನಿಂತಿದ್ದವು. ಗಾಲಿ ಜಾರುತ್ತಿತ್ತು. ಹೆದ್ದಾರಿ ಬಂದಾಯಿತು. ಮರುದಿನ ಶ್ರೀನಗರದಿಂದ ವಿಮಾನಗಳೂ ಹಾರಲಿಲ್ಲ ಎಂದು ಆಮೇಲೆ ತಿಳಿಯಿತು.

ಕತ್ತಲಾಗುತ್ತಿತ್ತು. ಅವ್ವನ ತುಟಿ ನೀಲಿಗಟ್ಟಿತ್ತು. ಚಾಲಕ ಇಳಿದುಹೋಗಿ, ರಸ್ತೆಯಿಂದ ಸ್ವಲ್ಪ ದೂರದ ಮನೆಯೊಂದರ ಕದ ತಟ್ಟಿದ. ಆ ಮನೆಯ ಯಜಮಾನರು ಎಪ್ಪತ್ತರ ಮೇಲಿನವರು, ಭತ್ತ ಮತ್ತು ಸೇಬಿನ ರೈತರು. ತಾವೇ ಕಂದೀಲು ಹಿಡಿದು ಬಂದು, ಅವ್ವನ ಹೆಗಲಿಗೆ ತಮ್ಮ ಫೆರನ್ ಹೊದಿಸಿ ಕರೆದುಕೊಂಡು ಹೋದರು. ನಮ್ಮ ಜೊತೆ ಇನ್ನೊಂದು ಕುಟುಂಬಕ್ಕೂ ಆ ಮನೆಯಲ್ಲಿ ಜಾಗವಾಯಿತು. ಅದೇ ರಾತ್ರಿ ಗಾಂದರಬಲ್ ಜಿಲ್ಲೆಯ ಗುಂಡ್ ಎಂಬ ಊರಿನಲ್ಲಿ ಹಿಮದಲ್ಲಿ ಸಿಕ್ಕಿದ ಪ್ರವಾಸಿಗಳಿಗೆ ಮಸೀದಿಯನ್ನೇ ತೆರೆದುಕೊಟ್ಟರೆಂದು ಪತ್ರಿಕೆಗಳಲ್ಲಿ ಬಂದದ್ದನ್ನು ನೀವು ಓದಿರಬಹುದು. ಅಂಥ ಮನೆಗಳು ಆ ರಾತ್ರಿ ಕಣಿವೆಯಲ್ಲಿ ಹಲವು ಇದ್ದವು.

ಮೂರು ರಾತ್ರಿ ಅಲ್ಲಿದ್ದೆವು. ಮಾತಿನ ತೊಂದರೆ ನನಗೂ ಮನೆಯಾಕೆಗೂ ಮಾತ್ರ. ಅವ್ವನಿಗಲ್ಲ. ಬಸವಕಲ್ಯಾಣದ ಓಣಿಯಲ್ಲಿ ಬೆಳೆದವಳಿಗೆ ದಖನಿ ಉರ್ದು ಬಾಯಿಪಾಠ. ಅವಳ 'ಹೌ', 'ನಕ್ಕೋ' ಕೇಳಿ ಮನೆಯ ಹೆಣ್ಣುಮಕ್ಕಳು ನಕ್ಕರು, ಆದರೆ ಎಲ್ಲವೂ ತಿಳಿಯಿತು. ಬೇಸಿಗೆಯಲ್ಲೇ ಬದನೆ, ಸೋರೆ, ಟೊಮೆಟೊ ಹೆಚ್ಚಿ ದಾರಕ್ಕೆ ಪೋಣಿಸಿ ಒಣಗಿಸಿ ಚಳಿಗಾಲಕ್ಕೆ ಇಡುವುದನ್ನು ಅವರು ತೋರಿಸಿದರು. ಅವ್ವ ಸಂಡಿಗೆಯ ಹಿಟ್ಟಿನ ಹದ ಹೇಳಿದಳು. ಗುಲಾಬಿ ಬಣ್ಣದ ಉಪ್ಪು ಚಹಾ ಮಾತ್ರ ಅವಳ ಗಂಟಲಿನಲ್ಲಿ ಇಳಿಯಲಿಲ್ಲ.

ಹೊರಗೆ ಹಿಮ ಸುರಿಯುತ್ತಿದ್ದರೆ ನಮಗೆ ಆತಂಕ, ಯಜಮಾನರಿಗೆ ಸಮಾಧಾನ. ಮಗ ಕಾರಣ ಕೇಳಿದ. ಅವರು ಬಿಡಿಸಿ ಹೇಳಿದರು. ದೊಡ್ಡ ಚಳಿಯ 40 ದಿನಗಳಲ್ಲಿ ಬಿದ್ದ ಹಿಮ ಬೆಟ್ಟದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಬೇಸಿಗೆಯಲ್ಲಿ ನಿಧಾನ ಕರಗಿ ಭತ್ತದ ಗದ್ದೆಗೆ ನೀರಾಗುತ್ತದೆ. ತಡವಾಗಿ ಬಿದ್ದದ್ದು ಬೇಗ ಹರಿದುಹೋಗುತ್ತದೆ. ಸೇಬಿನ ಗಿಡಕ್ಕೂ ಚಳಿಯ ನಿದ್ದೆ ಬೇಕು. ಇಲ್ಲದಿದ್ದರೆ ಹೂವು ಸರಿಯಾಗಿ ಕಟ್ಟುವುದಿಲ್ಲ. ಈ ಹಿಮ ತರುವ ಮೋಡಗಳು ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರುವ ಪಶ್ಚಿಮದ ಮಾರುತಗಳವು ಎಂದು ನಾನು ಸೇರಿಸಿದೆ. 2024ರ ಜನವರಿಯಲ್ಲಿ ಗುಲ್‌ಮಾರ್ಗವೇ ಹಿಮವಿಲ್ಲದೆ ಕಂದುಬಣ್ಣದ ಬಯಲಾಗಿತ್ತು. ಆ ವರ್ಷ ನಿದ್ದೆ ಬರಲಿಲ್ಲ ಎಂದರು ಯಜಮಾನರು. 2023ರಲ್ಲಿ ಕರ್ನಾಟಕದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದದ್ದನ್ನು ನಾನು ಹೇಳಿದೆ. ಎರಡು ತುದಿಯ ಇಬ್ಬರು ಒಕ್ಕಲಿಗರಿಗೆ ಆಮೇಲೆ ಮಾತಿಗೆ ಬರವಿರಲಿಲ್ಲ. ನಾವು ದುಡ್ಡು ಕೊಟ್ಟು ನೋಡಲು ಬಂದ ಹಿಮ ಅವರ ಪಾಲಿನ ಮಳೆ ಎಂಬುದು ಮಗನಿಗೆ ಆ ಒಲೆಯ ಮುಂದೆ ತಿಳಿದಷ್ಟು ಯಾವ ಪಾಠದಲ್ಲೂ ತಿಳಿದಿರಲಿಲ್ಲ.

29ರ ರಾತ್ರಿ ಅವ್ವ ಸುಮ್ಮನಾದಳು. ಊಟ ಬೇಡವೆಂದಳು. ಮನೆಯ ಹಿರಿಯಾಕೆ ಕಾರಣ ಕೇಳಿದಾಗ, ನಾಳೆ ನಮ್ಮಲ್ಲಿ ಹೊಲಕ್ಕೆ ಉಣಿಸುವ ಅಮಾವಾಸ್ಯೆ, ಐವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿಸಿರಲಿಲ್ಲ ಎಂದು ತನ್ನ ದಖನಿಯಲ್ಲಿ ಹೇಳಿದಳು. ಯಜಮಾನರು ಹುಕ್ಕಾ ಪಕ್ಕಕ್ಕಿಟ್ಟು, "ನಾಳೆಯೇ?" ಎಂದು ಎರಡು ಸಲ ಕೇಳಿದರು. ಆಮೇಲೆ ಅವರು ಹೇಳಿದ್ದನ್ನು ನಾವ್ಯಾರೂ ಊಹಿಸಿರಲಿಲ್ಲ.

ಅವರ ಪಕ್ಕದ ಮನೆಯವರು ಕಾಶ್ಮೀರಿ ಪಂಡಿತರಂತೆ. ಇದೇ ಅಮಾವಾಸ್ಯೆಯ ರಾತ್ರಿ ಅವರಿಗೆ 'ಖೆಚಿಮಾವಸ್', ಅಂದರೆ ಖಿಚಡಿಯ ಅಮಾವಾಸ್ಯೆ. ಅಂದು ಹಿಮದ ಬೆಟ್ಟದಿಂದ ಯಕ್ಷನು ಇಳಿದು ಬರುತ್ತಾನೆಂದು ನಂಬಿಕೆ. ಅವನಿಗಾಗಿ ಖಿಚಡಿ ಬೇಯಿಸಿ ಮನೆಯ ಹೊರಗೆ ಹುಲ್ಲಿನ ಮೇಲೆ ಇಡುತ್ತಿದ್ದರು. ಯಕ್ಷನ ಟೋಪಿ ಕಸಿದು ಬೀಸುಗಲ್ಲಿನ ಕೆಳಗೆ ಬಚ್ಚಿಟ್ಟರೆ ಅವನು ಹೇಳಿದಂತೆ ಕೇಳುತ್ತಾನೆಂದು, ತಾವು ಹುಡುಗರಾಗಿದ್ದಾಗ ಪಂಡಿತರ ಮಕ್ಕಳ ಜೊತೆ ರಾತ್ರಿಯೆಲ್ಲ ಕಾದು ಕುಳಿತದ್ದನ್ನು ಯಜಮಾನರು ನೆನೆದರು. 1990ರ ಚಳಿಗಾಲದಲ್ಲಿ, ಭಯದ ಆ ದಿನಗಳಲ್ಲಿ, ಪಂಡಿತರು ಕಣಿವೆ ಬಿಟ್ಟು ಹೋದರು. ಪಕ್ಕದ ಮನೆಯವರೂ ಒಂದು ಬೆಳಗ್ಗೆ ಇರಲಿಲ್ಲ. "ಆಮೇಲೆ ಈ ಊರಿನಲ್ಲಿ ಯಾರೂ ಖಿಚಡಿ ಇಟ್ಟಿಲ್ಲ" ಎಂದರು. ಆ ಮನೆ ಎಲ್ಲಿದೆಯೆಂದು ಮಗ ಕೇಳಿದ. ಕಿಟಕಿಯಾಚೆ ಕೈತೋರಿಸಿದರು. ಅಲ್ಲಿ ಹಿಮ ಮುಚ್ಚಿದ ಒಂದು ದಿಬ್ಬ ಮಾತ್ರ ಇತ್ತು.

ಕಾಶ್ಮೀರಿ ಪಂಡಿತರ ಪಂಚಾಂಗದಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮದರಲ್ಲಿ ಅಮಾವಾಸ್ಯೆಗೆ. ಹಾಗಾಗಿ ಅವರಿಗೆ ಪುಷ್ಯದ ಅಮಾವಾಸ್ಯೆಯಾದದ್ದು ನಮಗೆ ಮಾರ್ಗಶಿರದ್ದು. ತಿಂಗಳ ಹೆಸರು ಬೇರೆ, ಕತ್ತಲು ಒಂದೇ. ಒಂದೇ ರಾತ್ರಿ ಅವರು ಬೆಟ್ಟದ ಯಕ್ಷನಿಗೂ ನಾವು ಹೊಲದ ತಾಯಿಗೂ ಅನ್ನ ಇಡುತ್ತ ಬಂದಿದ್ದೇವೆ.

30ರ ಬೆಳಗ್ಗೆ ಹಿಮ ನಿಂತು ಬಿಸಿಲು ಬಿದ್ದಿತ್ತು. ದಾರಿ ತೆರೆದಿದೆಯೆಂದು ಚಾಲಕ ಅವಸರ ಮಾಡಿದ. ಮನೆಯ ಹಿರಿಯಾಕೆ ಒಂದು ತಾಮ್ರದ ಬಟ್ಟಲಲ್ಲಿ ಬಿಸಿ ಅನ್ನ, ಸೊಪ್ಪು, ಮೊಸರು ಕಲಸಿ ತಂದು ಅವ್ವನ ಕೈಗಿಟ್ಟರು. ಅವ್ವ ಚೀಲದ ತಳದಲ್ಲಿದ್ದ ಒಣಗಿದ ಸಜ್ಜಿ ರೊಟ್ಟಿಯ ತುಂಡು ಮುರಿದು ಅದಕ್ಕೆ ಕೂಡಿಸಿದಳು. ಗದ್ದೆ ಯಾವುದು, ಬದು ಯಾವುದು ತಿಳಿಯದಂತೆ ಎಲ್ಲ ಬೆಳ್ಳಗೆ. ಯಜಮಾನರು ಕೋಲಿನಿಂದ ಬದುವಿನ ಗುರುತು ಹಿಡಿದು ಮುಂದೆ ನಡೆದರು, ಮಗ ಅವ್ವನ ಕೈ ಹಿಡಿದ. ನಾಲ್ಕು ದಿಕ್ಕಿಗೂ ಅವ್ವ ಚರಗ ಚೆಲ್ಲಿದಳು. ಬಟ್ಟಲಿನಲ್ಲಿ ಉಳಿದ ಒಂದು ಮುಷ್ಟಿಯನ್ನು ಆ ದಿಬ್ಬದ ಹತ್ತಿರ ಇಡಬಹುದೇ ಎಂದು ಯಜಮಾನರನ್ನು ಕೇಳಿದಳು. ಅವರು ಬಟ್ಟಲು ತೆಗೆದುಕೊಂಡು ತಾವೇ ಹೋಗಿ ಇಟ್ಟು ಬಂದರು. ಮೂರು ರಾತ್ರಿಯ ಊಟ, ವಸತಿಗೆ ನಾವು ಕೊಡಹೋದ ಹಣವನ್ನು ಅವರು ಮುಟ್ಟಲಿಲ್ಲ. ಮಗ ತನ್ನ ಹೊಸ ಬ್ಯಾಟನ್ನು ಆ ಮನೆಯ ಮೊಮ್ಮಗನಿಗೆ ಕೊಟ್ಟ.

ಎರಡೂ ನಿಜ

ಊರಿಗೆ ಬಂದ ಮೇಲೆ, ಜನವರಿಯ ಒಂದು ಭಾನುವಾರ ಮಗ ತಾನಾಗಿಯೇ ಮೊಳಕೇರಾಕ್ಕೆ ಹೋಗೋಣ ಎಂದ. ಹುಮನಾಬಾದಿಗೆ ದಿನಾ ಹೋಗಿಬರುವ ಹುಡುಗ, ಅಷ್ಟು ಹತ್ತಿರದ ಗವಿಯನ್ನು ಅಂದೇ ಮೊದಲು ನೋಡಿದ್ದು. ಗವಿಯೊಳಗೆ ಕುಳಿತು, "ಇಲ್ಲಿ ಹಿಮ ಇಲ್ಲ, ಸೇಬಿಲ್ಲ. ಅಂವಗ ನೆನಪಾಗ್ತಿರ್ಲಿಲ್ಲೇನು?" ಎಂದು ಅಜ್ಜಿಯನ್ನು ಕೇಳಿದ. "ಆಗಿರ್ತದ ತಮ್ಮಾ. ಹೊರಿ ಇಳಿಸಿದ ಮ್ಯಾಲ ಆಗಿರ್ತದ" ಎಂದಳು ಅವ್ವ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಸುಖಾಂತದ ಪ್ರವಾಸ ಕಥನವಾಗುತ್ತಿತ್ತು. ಆದರೆ 2025ರ ಏಪ್ರಿಲ್ 22 ಬಂತು. ಪಹಲ್‌ಗಾಮ್ ಬಳಿಯ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರು 26 ಜನರನ್ನು ಕೊಂದರು. ಹೆಂಡತಿ ಮಕ್ಕಳ ಕಣ್ಣೆದುರಿಗೇ ಗಂಡಸರನ್ನು ಧರ್ಮ ಕೇಳಿ ಗುಂಡಿಕ್ಕಿದರು. ಸತ್ತವರಲ್ಲಿ ಕರ್ನಾಟಕದವರೂ ಇದ್ದರು. ಪ್ರವಾಸಿಗಳನ್ನು ಉಳಿಸಲು ಹೋದ ಸ್ಥಳೀಯ ಕುದುರೆಯಾಳು ಒಬ್ಬನೂ ಇದ್ದ. ಮರುದಿನ ಕಣಿವೆಯಲ್ಲಿ ಅಂಗಡಿಗಳೆಲ್ಲ ಮುಚ್ಚಿ ಜನ ಬೀದಿಗೆ ಬಂದು ಖಂಡಿಸಿದರು.

ಆ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ನಾಲ್ಕು ತಿಂಗಳ ಹಿಂದೆ ನಾವಿದ್ದ ನಾಡು. ಮನೆಯಾಕೆ ಮಗನ ಕೈಬಿಡಲಿಲ್ಲ. ಬಂಧುಗಳು ಫೋನು ಮಾಡಿ, "ನೋಡಿದಿರಾ, ಅಂಥವರ ಮನೆಯಲ್ಲಿ ಉಂಡು ಬಂದಿರಿ" ಎಂದರು. ಮಗ ಒಳಗೆ ಹೋಗಿ ಖಾಜಿಗುಂಡ್‌ನ ಆ ಯಜಮಾನರಿಗೆ ಫೋನು ಹಚ್ಚಿದ. ಆಚೆಯಿಂದ ಬಹಳ ಹೊತ್ತು ಮಾತೇ ಬರಲಿಲ್ಲ. ಆಮೇಲೆ, ಅಜ್ಜಿ ಹೇಗಿದ್ದಾರೆ ಎಂದು ಕೇಳಿದರಂತೆ. "ನಮ್ಮ ಅಂಗಳದಲ್ಲಿ ಅತಿಥಿಗಳನ್ನು ಕೊಂದರು" ಎಂದು ಅಳುತ್ತಿದ್ದರಂತೆ.

ಮಗ ನನ್ನನ್ನು ಕೇಳಿದ: ಅಪ್ಪಾ, ಇದರಲ್ಲಿ ಖರೆ ಕಾಶ್ಮೀರ ಯಾವುದು?

ಹದಿನೈದರ ಹುಡುಗನಿಗೆ ಒಂದೇ ಉತ್ತರ ಕೊಟ್ಟು ಸುಮ್ಮನಾಗಿಸಬಹುದಿತ್ತು. ಎಲ್ಲರೂ ಒಳ್ಳೆಯವರೇ ಎಂದರೆ ಬೈಸರನ್‌ನಲ್ಲಿ ಬಿದ್ದವರಿಗೂ, ಊರು ಬಿಟ್ಟ ಆ ಪಕ್ಕದ ಮನೆಯವರಿಗೂ ಅನ್ಯಾಯ. ಎಲ್ಲರೂ ಕೆಟ್ಟವರೇ ಎಂದರೆ ಕಂದೀಲು ಹಿಡಿದು ಬಂದ ಮುದುಕರಿಗೆ ಅನ್ಯಾಯ. ಎರಡೂ ನಿಜ, ಎರಡನ್ನೂ ನೆನಪಿಟ್ಟುಕೋ, ಯಾರಾದರೂ ಒಂದನ್ನು ಮಾತ್ರ ಹೇಳಿದರೆ ಇನ್ನೊಂದನ್ನು ನೀನು ಹೇಳು ಎಂದೆ. ಅದಕ್ಕಿಂತ ಹೆಚ್ಚಿನದು ನನಗೂ ಗೊತ್ತಿಲ್ಲ.

ಈಗಲೂ ತಂದೆ-ತಾಯಿಗಳು, ಸೂಟಿಗೆ ಮಕ್ಕಳನ್ನು ಕಾಶ್ಮೀರಕ್ಕೆ ಕರೆದೊಯ್ಯಬಹುದೇ ಎಂದು ನನ್ನನ್ನು ಕೇಳುತ್ತಾರೆ. ಭಯಪಡಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆಯಾ ಕಾಲದ ಪರಿಸ್ಥಿತಿ ವಿಚಾರಿಸಿ, ತೆರೆದ ಸ್ಥಳಗಳಿಗೆ ಮಾತ್ರ ಹೋಗಿ, ಚಳಿಗಾಲದಲ್ಲಿ ಹೋಗುವವರು ಎರಡು-ಮೂರು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಹಿಮ ಟಿಕೆಟು ನೋಡಿ ಬೀಳುವುದಿಲ್ಲ. ಹಿರಿಯರನ್ನು ಸಾಧ್ಯವಾದರೆ ಜೊತೆಗೆ ಕರೆದುಕೊಂಡು ಹೋಗಿ. ನಮ್ಮ ಪ್ರವಾಸದಲ್ಲಿ ಬಾಗಿಲುಗಳನ್ನು ತೆರೆಸಿದ್ದು ಅವ್ವನ ದಖನಿಯೇ ಹೊರತು ನನ್ನ ಪದವಿಯಲ್ಲ. ಹೋಗಲಾಗದವರು ಮಕ್ಕಳನ್ನು ಒಂದು ದಿನ ಮೊಳಕೇರಾಕ್ಕೆ ಕರೆದೊಯ್ಯಿರಿ. ಅಷ್ಟು ದೂರದ ನಾಡಿನಿಂದ ಬಂದ ಒಬ್ಬನಿಗೆ ನಮ್ಮ ಹಿರಿಯರು ಕೆಲಸ ಕೊಟ್ಟರು, ಮಾತು ಕೊಟ್ಟರು, ತಮ್ಮವನೆಂದು ಕರೆದರು ಎಂದು ಹೇಳಿ. ಆ ಮಾತು ಕೇಳಿ ಬೆಳೆದ ಮಗು ಮುಂದೊಂದು ದಿನ ತನ್ನ ಮನೆಯ ಕದವನ್ನು ಯಾರೋ ತಟ್ಟಿದಾಗ ಎದ್ದು ಹೋದೀತು.